ಸರಿಯುವ ಭಾರ, ತಿರುಗುವ ಗಾಲಿ

ಮನೆಯಲ್ಲಿ ಸೈಕಲ್ ಇದ್ದರೆ ಅದನ್ನು ತಲೆಕೆಳಗು ಮಾಡಿ, ಸೀಟು ಮತ್ತು ಹ್ಯಾಂಡಲ್ ನೆಲಕ್ಕೆ ಊರುವಂತೆ ನಿಲ್ಲಿಸಿರಿ. ಮುಂದಿನ ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಡಿರಿ. ಸುತ್ತು ಮುಗಿಯುತ್ತ ಬಂದಂತೆ ಗಾಲಿ ಒಂದಿಷ್ಟು ಹಿಂದಕ್ಕೂ ಮುಂದಕ್ಕೂ ತೂಗಿ ನಿಲ್ಲುತ್ತದೆ. ಗಾಳಿ ತುಂಬುವ ವಾಲ್ವ್ ಹೆಚ್ಚಾಗಿ ಕೆಳಗೇ ಬಂದಿರುತ್ತದೆ. ಮತ್ತೊಮ್ಮೆ ತಿರುಗಿಸಿದರೂ ಹಾಗೆಯೇ. ವಾಲ್ವಿನ ತೂಕ ಕೆಲವೇ ಗ್ರಾಂ, ಆದರೂ ಅಷ್ಟು ದೊಡ್ಡ ಗಾಲಿ ಎಲ್ಲಿ ನಿಲ್ಲಬೇಕೆಂಬುದನ್ನು ಅದೇ ಹೇಳುತ್ತದೆ. ಈಗ ವಾಲ್ವಿಗೆ ನೇರ ಎದುರಿನ ಸ್ಪೋಕ್‌ಗೆ ಒಂದು ಸಣ್ಣ ನಟ್ಟನ್ನು ದಾರದಿಂದ ಕಟ್ಟಿ ನೋಡಿರಿ. ತೂಕ ಸರಿಯಾಗಿ ಹೊಂದಿದರೆ ಗಾಲಿ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಗಾಲಿಯ ಸಮತೋಲ ಎಂದರೆ ಇದೇ.

ವಿಜಯಪುರದ ಕಡೆಯವರಿಗೆ ಸೈಕಲ್ಲಿನ ಮಾತು ಹೊಸದಲ್ಲ. ನಮ್ಮ ಜಿಲ್ಲೆಯ ಹಳ್ಳಿಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕ ತಂದಿದ್ದಾರೆ. ಅವರಿಗೆಂದೇ ವೆಲೋಡ್ರೋಮ್‌ಗೆ, ಅಂದರೆ ಸೈಕಲ್ ಪಂದ್ಯದ ಅಂಕಣಕ್ಕೆ, ಜಾಗ ಗೊತ್ತಾದದ್ದು ಊರಿನ ಅಂಚಿನಲ್ಲಿ, ಭೂತನಾಳದ ಬಳಿ. ಭೂತನಾಳ ಎಂದರೆ ನಗರದ ಜನಕ್ಕೆ ಮೊದಲು ನೆನಪಾಗುವುದು ಕುಡಿಯುವ ನೀರಿನ ಕೆರೆ. ಅತ್ತ ತಿಕೋಟಾ, ಇತ್ತ ಬಬಲೇಶ್ವರ. ದ್ರಾಕ್ಷಿ ಸೀಜನ್ನಿನಲ್ಲಿ ಕ್ರೇಟು ಹೇರಿದ ಗಾಡಿಗಳು ಈ ರಸ್ತೆಗಳ ಮೇಲೆ ಎಡೆಬಿಡದೆ ಓಡುತ್ತವೆ. ನೀರು ಮತ್ತು ಗಾಲಿ ಎರಡೂ ಸೇರಿರುವ ಈ ಭೂತನಾಳದಿಂದಲೇ ಇವತ್ತಿನ ಮಾತನ್ನು ಆರಂಭಿಸುತ್ತೇನೆ. ಗಾಲಿಯೊಳಗಿನ ಭಾರ ತನ್ನಷ್ಟಕ್ಕೆ ಜಾಗ ಬದಲಿಸುತ್ತಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಎಂಟುನೂರ ಎಪ್ಪತ್ತು ವರ್ಷಕ್ಕೂ ಹಿಂದೆ ಬರೆದ ಒಂದು ಪುಟವಿದೆ. ಅದನ್ನು ಬರೆದವರನ್ನು ವಿಜಯಪುರದ ಜನ ತಮ್ಮವರೆಂದೇ ಕರೆಯುತ್ತ ಬಂದಿದ್ದಾರೆ.

ಅವರು ಭಾಸ್ಕರಾಚಾರ್ಯರು. ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ, ಹುಟ್ಟಿದೆನೆಂದೂ ಮೂವತ್ತಾರನೆಯ ವಯಸ್ಸಿನಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದೆನೆಂದೂ ಅವರೇ ಬರೆದುಕೊಂಡಿದ್ದಾರೆ. ತಂದೆಯ ಹೆಸರು ಮಹೇಶ್ವರ. ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ. ಆ ಊರು ನಮ್ಮ ಬಿಜಾಪುರವೇ, ಅಂದರೆ ಇಂದಿನ ವಿಜಯಪುರವೇ ಎಂದು ಬಹಳ ಪುಸ್ತಕಗಳು ಬರೆದವು, ನಾವೂ ಶಾಲೆಯಲ್ಲಿ ಹಾಗೆಯೇ ಓದಿದೆವು. ಆದರೆ ಭಾಸ್ಕರರ ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳನ್ನು ಕಲಿಸಲು ಮಠವೊಂದನ್ನು ಸ್ಥಾಪಿಸಿದ್ದನ್ನು ಹೇಳುವ ಶಾಸನ ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿದೆ. ಅದನ್ನು ಆಧಾರ ಮಾಡಿಕೊಂಡು ಊರು ಆ ಸುತ್ತಿನದೇ ಎನ್ನುವ ವಿದ್ವಾಂಸರೂ ಇದ್ದಾರೆ. ಈ ಚರ್ಚೆ ಇನ್ನೂ ತೀರಿಲ್ಲ. ಅದು ಹೇಗೇ ತೀರಲಿ, ಅವರ ಹೆಸರನ್ನು ಇಷ್ಟು ಕಾಲ ಪ್ರೀತಿಯಿಂದ ಹೇಳಿಕೊಂಡು ಬಂದ ಊರಿಗೆ ಅವರು ಬರೆದದ್ದನ್ನು ಸರಿಯಾಗಿ ಓದುವ ಹೊಣೆ ಇದೆ ಎಂದು ನಾನು ತಿಳಿದಿದ್ದೇನೆ.

‘ಸಿದ್ಧಾಂತ ಶಿರೋಮಣಿ’ಯಲ್ಲಿ ನಾಲ್ಕು ಭಾಗಗಳು: ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ. ಗೋಲಾಧ್ಯಾಯದಲ್ಲಿ ಯಂತ್ರಗಳಿಗಾಗಿ ಒಂದು ಪ್ರಕರಣವಿದೆ. ಸೂರ್ಯ ನಕ್ಷತ್ರಗಳ ಎತ್ತರ ಅಳೆಯುವ, ಹೊತ್ತು ಗೊತ್ತುಮಾಡುವ ಸಾಧನಗಳನ್ನು ವಿವರಿಸಿದ ಮೇಲೆ, ಕೊನೆಯ ಕಡೆಗೆ ಸ್ವಯಂವಹ ಯಂತ್ರದ ಮಾತು ಬರುತ್ತದೆ. ತನ್ನಷ್ಟಕ್ಕೆ ತಿರುಗುವ ಚಕ್ರ ಎಂದು ಅರ್ಥ. ಅಲ್ಲಿ ಮೂರು ಬಗೆಯ ಚಕ್ರಗಳಿವೆ.

ಮೊದಲನೆಯದು ಹೀಗೆ. ಹಗುರವಾದ ಮರದಿಂದ ಚೆನ್ನಾಗಿ ದುಂಡಗಿರುವ ಚಕ್ರ ಮಾಡಬೇಕು. ಅದರ ಅರೆಗಳು ಟೊಳ್ಳಾಗಿರಬೇಕು. ಎಲ್ಲ ಅರೆಗಳ ಟೊಳ್ಳು ಒಂದೇ ಅಳತೆಯದು, ಒಂದಕ್ಕೊಂದು ದೂರವೂ ಒಂದೇ. ನೆಟ್ಟಗೆ ನಿಲ್ಲಿಸದೆ ಎಲ್ಲವನ್ನೂ ಒಂದೇ ಕಡೆಗೆ ಕೊಂಚ ಓರೆಯಾಗಿಸಿ ಕೂಡಿಸಬೇಕು. ಪ್ರತಿ ಅರೆಯಲ್ಲೂ ಅರ್ಧದಷ್ಟು ಪಾದರಸ ತುಂಬಿ ಬಾಯಿ ಮುಚ್ಚಬೇಕು. ಎರಡು ಕಂಬಗಳ ನಡುವೆ ಅಚ್ಚಿನ ಮೇಲೆ ಇಟ್ಟರೆ ಚಕ್ರ ತಾನಾಗಿ ತಿರುಗುತ್ತದೆ ಎಂದು ಗ್ರಂಥ ಹೇಳುತ್ತದೆ. ಎರಡನೆಯದರಲ್ಲಿ ಚಕ್ರದ ಅಂಚಿನಲ್ಲಿ ಕಾಲುವೆ ಕೊರೆದು, ಮೇಲೆ ತಾಳೆಗರಿಯನ್ನು ಮೇಣದಿಂದ ಅಂಟಿಸಿ, ಒಳಗೆ ಅರ್ಧ ನೀರು ಅರ್ಧ ಪಾದರಸ ತುಂಬುತ್ತಾರೆ. ಮೂರನೆಯದು ಬೇರೆಯೇ ಜಾತಿಯದು. ಅದನ್ನು ಆಮೇಲೆ ಹೇಳುತ್ತೇನೆ.

ಪಾದರಸವೇ ಏಕೆ ಬೇಕಾಯಿತು? ಅದು ನೀರಿಗಿಂತ 13.6 ಪಟ್ಟು ಭಾರ, ಆದರೂ ಹರಿಯುತ್ತದೆ. ಇಳಿಯುವ ಬದಿಯ ಅರೆಯಲ್ಲಿ ಅದು ಅಂಚಿಗೆ ಓಡುತ್ತದೆ, ಏರುವ ಬದಿಯಲ್ಲಿ ಅಚ್ಚಿನ ಕಡೆಗೆ ಸರಿಯುತ್ತದೆ. ಒಂದೇ ತೂಕವಾದರೂ ದೂರದಲ್ಲಿದ್ದರೆ ಹೆಚ್ಚು ಎಳೆಯುತ್ತದೆಂದು ಚಕ್ಕಡಿ ಹೇರುವವರಿಗೆಲ್ಲ ಗೊತ್ತು. ಹೇರು ಅಚ್ಚಿನ ಮುಂದಕ್ಕೆ ಸರಿದರೆ ಮುಂಭಾರವಾಗಿ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಕ್ಕೆ ಸರಿದರೆ ಹಿಂಭಾರವಾಗಿ ನೊಗವೇ ಮೇಲೇಳುತ್ತದೆ. ಹಾಗಾದರೆ ಇಳಿಯುವ ಬದಿಯ ಭಾರ ಸದಾ ದೂರದಲ್ಲಿ, ಏರುವ ಬದಿಯದು ಸದಾ ಹತ್ತಿರದಲ್ಲಿ ಇದ್ದ ಮೇಲೆ ಚಕ್ರ ತಿರುಗುತ್ತಲೇ ಇರಬೇಕಲ್ಲವೇ? ಈ ಆಸೆ ಅವಿವೇಕದ್ದಲ್ಲ. ಚಿತ್ರ ಬರೆದು ನೋಡಿದವರಿಗೆ ಯಾರಿಗಾದರೂ ಹುಟ್ಟುವ ಆಸೆ ಇದು.

ಆದರೆ ಚಿತ್ರದಲ್ಲಿ ಕಣ್ಣು ತಪ್ಪಿಸಿಕೊಳ್ಳುವ ಸಂಗತಿಯೊಂದಿದೆ. ಇಳಿಯುವ ಬದಿಯಲ್ಲಿ ಭಾರಗಳು ದೂರದಲ್ಲಿವೆ ನಿಜ, ಆದರೆ ಅವುಗಳ ಸಂಖ್ಯೆ ಕಡಿಮೆ. ಏರುವ ಬದಿಯಲ್ಲಿ ಹತ್ತಿರದಲ್ಲಿವೆ, ಸಂಖ್ಯೆ ಹೆಚ್ಚು. ಒಂದು ಉದಾಹರಣೆ ತೆಗೆದುಕೊಳ್ಳೋಣ. ತಲಾ ಒಂದು ಕಿಲೋ ತೂಕದ ಎಂಟು ಗುಂಡುಗಳಿರುವ ಚಕ್ರವೊಂದು ತೂಗಿ ತೂಗಿ ನಿಂತಿದೆ. ಇಳಿಯುವ ಬದಿಯಲ್ಲಿ ಮೂರು ಗುಂಡುಗಳು. ಅಚ್ಚಿನ ನೇರ ಗೆರೆಯಿಂದ ಅಡ್ಡಕ್ಕೆ ಅಳೆದರೆ ಅವು 50, 35 ಮತ್ತು 15 ಸೆಂಟಿಮೀಟರ್ ದೂರದಲ್ಲಿವೆ, ಕೂಡಿದರೆ 100. ಏರುವ ಬದಿಯಲ್ಲಿ ಐದು ಗುಂಡುಗಳು 30, 25, 20, 15 ಮತ್ತು 10 ಸೆಂಟಿಮೀಟರ್ ದೂರದಲ್ಲಿವೆ. ಕೂಡಿರಿ, ಅದೂ 100. ಎಳೆತ ಎರಡೂ ಕಡೆ ಸಮ. ಗುಂಡುಗಳ ಸಂಖ್ಯೆ ಬದಲಿಸಿ, ಅರೆಗಳ ಓರೆ ಬದಲಿಸಿ, ಚಕ್ರ ತನ್ನದೊಂದು ಜಾಗ ಹುಡುಕಿಕೊಂಡು ಹೀಗೆಯೇ ನಿಲ್ಲುತ್ತದೆ.

ಲೆಕ್ಕದ ಗೋಜು ಬೇಡವೆನ್ನುವವರಿಗೆ ಇದಕ್ಕಿಂತ ಸರಳವಾದ ದಾರಿಯಿದೆ, ನನಗೆ ಬಹಳ ಇಷ್ಟವಾದದ್ದೂ ಅದೇ. ಚಕ್ರವನ್ನು ಒಂದು ಅರೆಯಷ್ಟು ಮಾತ್ರ ತಿರುಗಿಸಿರಿ. ಪ್ರತಿ ಅರೆಯೂ ತನ್ನ ಮುಂದಿನ ಅರೆಯ ಜಾಗಕ್ಕೆ ಬಂತು. ಎಲ್ಲ ಅರೆಗಳೂ ಒಂದೇ ಥರದವಾದ್ದರಿಂದ ಈಗ ಕಾಣುವ ಚಿತ್ರ ಮೊದಲಿನದೇ, ಪಾದರಸ ಒಟ್ಟಾರೆ ಒಂದು ಕೂದಲೆಳೆಯಷ್ಟೂ ಕೆಳಗಿಳಿದಿಲ್ಲ. ಕೆಳಗಿಳಿಯದ ಭಾರ ಕೆಲಸವನ್ನೂ ಮಾಡದು. ಮುಂದಿನ ಅರೆಗೂ ಅದೇ ಮಾತು, ಇಡೀ ಸುತ್ತಿಗೂ ಅದೇ. ಒಂದು ಸುತ್ತಿನಲ್ಲಿ ಪ್ರತಿ ಗುಂಡೂ ಎಷ್ಟು ಇಳಿದಿದೆಯೋ ಅಷ್ಟೇ ಏರಿರುತ್ತದೆ. ದೂರ ಹತ್ತಿರ ಎಂಬುದು ದಾರಿಯ ಭೇದ ಮಾತ್ರ, ಎತ್ತರದ ಲೆಕ್ಕದಲ್ಲಿ ಲಾಭವಿಲ್ಲ. ಇದರ ಮೇಲೆ ಅಚ್ಚಿನ ತಿಕ್ಕಾಟ, ಗಾಳಿಯ ತಡೆ. ಪಾದರಸ ಕೊಳವೆಯೊಳಗೆ ಹರಿದು ಅಪ್ಪಳಿಸುವಾಗಲೂ ಚಲನೆಯ ಶಕ್ತಿ ಒಂದಿಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ತಿರುಗಿಸಲೆಂದು ಹಾಕಿದ ದ್ರವವೇ ನಿಲ್ಲಿಸಲು ನೆರವಾಗುತ್ತದೆ. ಎರಡನೆಯ ಚಕ್ರದಲ್ಲಂತೂ ಪಾದರಸ ಕಾಲುವೆಯ ತಳದಲ್ಲಿ ಕುಳಿತು, ನೀರು ಅದರ ಮೇಲೆ ನಿಂತು, ಚಕ್ರವನ್ನು ಒಂದು ಬದಿಗೆ ಎಳೆಯುವುದೇ ಇಲ್ಲ.

ಪಾದರಸ ಚಕ್ರದ ಕಲ್ಪನೆ ಭಾಸ್ಕರರಿಂದ ಆರಂಭವಾದದ್ದಲ್ಲ. ಅವರಿಗಿಂತ ಐದು ಶತಮಾನ ಮೊದಲು, 628ರಲ್ಲಿ, ಬ್ರಹ್ಮಗುಪ್ತ ತನ್ನ ‘ಬ್ರಾಹ್ಮಸ್ಫುಟ ಸಿದ್ಧಾಂತ’ದಲ್ಲಿ ಅಂಥ ಚಕ್ರವನ್ನು ಹೇಳಿದ್ದಾನೆ. ಮತ್ತೊಬ್ಬ ಖಗೋಳಜ್ಞ ಲಲ್ಲನ ಗ್ರಂಥದಲ್ಲೂ ಸ್ವಯಂವಹದ ಮಾತಿದೆ. ಯುರೋಪಿನಲ್ಲಿ ಹದಿಮೂರನೆಯ ಶತಮಾನದ ವಿಲಾರ್ ದ ಒನ್‌ಕೂರ್ ಎಂಬ ಫ್ರೆಂಚ್ ಕುಶಲಿ ಚಕ್ರದ ಅಂಚಿಗೆ ಏಳು ಸುತ್ತಿಗೆಗಳನ್ನು ತೂಗುಬಿಟ್ಟು ಚಿತ್ರ ಬರೆದ. ಸುತ್ತಿಗೆಯ ಬದಲು ಪಾದರಸವೂ ಆದೀತೆಂದು ಬರೆದಿಟ್ಟ. ಲಿಯೊನಾರ್ಡೊ ಡ ವಿಂಚಿ ಇಂಥ ಹಲವು ಚಕ್ರಗಳನ್ನು ಬರೆದು ಪರೀಕ್ಷಿಸಿ, ಇದರ ಬೆನ್ನು ಹತ್ತಿದವರನ್ನು ಚಿನ್ನ ಮಾಡಹೊರಟವರ ಸಾಲಿಗೆ ಸೇರಿಸಿದ. 1775ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ, ನಿರಂತರ ಚಲನೆಯ ಯಂತ್ರಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ಠರಾವು ಮಾಡಿತು. ಶಕ್ತಿ ಹೊಸದಾಗಿ ಹುಟ್ಟದು, ರೂಪ ಮಾತ್ರ ಬದಲಿಸುತ್ತದೆ ಎಂಬ ನಿಯಮವನ್ನು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ವಿಸ್ತಾರವಾಗಿ ಪ್ರತಿಪಾದಿಸಿದ್ದು 1847ರಲ್ಲಿ.

ಹಾಗಾದರೆ ಭಾಸ್ಕರರು ತಪ್ಪಿದರೇ? ಇಲ್ಲಿ ನಾನು ಕೇಳುಗರ ಗಮನವನ್ನು ಸ್ವಲ್ಪ ಹೆಚ್ಚೇ ಬೇಡುತ್ತೇನೆ. ಚಕ್ರದ ಶ್ಲೋಕಗಳನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ಅವುಗಳ ಬೆನ್ನಿಗೇ ಬರುವ ಮಾತನ್ನು ಬಿಟ್ಟುಬಿಡುತ್ತಾರೆ. ಇಂಥ ಸ್ವಯಂವಹಗಳು ಬಹಳ ಇವೆ, ಅವುಗಳ ಚಲನೆ ಕೈಚಳಕದಿಂದ ಬಂದದ್ದು, ನಮ್ಮ ಗೋಲದ ವಿಷಯಕ್ಕೂ ಅವಕ್ಕೂ ಸಂಬಂಧವಿಲ್ಲ, ಹಿಂದಿನ ಆಚಾರ್ಯರು ಹೇಳಿದ್ದಾರೆಂಬ ಕಾರಣಕ್ಕೆ ನಾನೂ ಹೇಳಿದೆ — ಭಾಸ್ಕರರ ಅಭಿಪ್ರಾಯ ಇದು. ಹೊರಗಿನ ನೆರವಿಗೆ ಕಾದಿರುವ ಯಂತ್ರವನ್ನು ಅವರು ಗ್ರಾಮ್ಯವೆಂದೇ ಕರೆಯುತ್ತಾರೆ. ಅದೇ ಪ್ರಕರಣದಲ್ಲಿ ಎಲ್ಲ ಯಂತ್ರಗಳಿಗಿಂತ ಮೇಲಿನದೆಂದು ಅವರು ಎತ್ತಿ ಹಿಡಿಯುವುದು ಧೀಯಂತ್ರವನ್ನು, ಅಂದರೆ ಬುದ್ಧಿಯನ್ನು. ಕೈಯಲ್ಲೊಂದು ಕೋಲು ಹಿಡಿದು, ಅದರ ತುದಿಯನ್ನು ನೋಡಿ, ದೂರದ ಬಿದಿರಿನ ಎತ್ತರವನ್ನೂ ಅದು ಇರುವ ದೂರವನ್ನೂ ಹೇಳುವ ಲೆಕ್ಕ ಅಲ್ಲಿದೆ. ಚಕ್ರದ ವಿಷಯದಲ್ಲಿ ಅವರ ದನಿ ತಗ್ಗಿದೆ, ಕೋಲಿನ ವಿಷಯದಲ್ಲಿ ಏರಿದೆ. ಇದನ್ನು ಗಮನಿಸದೆ ಓದಿದರೆ ಆ ಪ್ರಕರಣವನ್ನು ಓದಿದಂತಾಗದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂಧನವಿಲ್ಲದೆ ತಿರುಗುವ ಯಂತ್ರ ಮಾಡಿದ್ದೇವೆ, ಇದರಿಂದ ಪಂಪ್‌ಸೆಟ್ ಓಡಿಸಬಹುದು ಎಂದು ಹೇಳಿಕೊಂಡು ಬರುವವರು ಇವತ್ತಿಗೂ ಇದ್ದಾರೆ. ನಮ್ಮ ಪೂರ್ವಿಕ ಭಾಸ್ಕರನೇ ಇದನ್ನು ಕಂಡುಹಿಡಿದಿದ್ದ ಎಂಬ ಸಾಕ್ಷಿಯನ್ನೂ ಮುಂದಿಡುತ್ತಾರೆ. ಬೋರ್‌ವೆಲ್ ಬತ್ತಿ, ಕರೆಂಟು ಕೈಕೊಟ್ಟು ಕಂಗೆಟ್ಟ ರೈತನಿಗೆ ಅದು ಎಷ್ಟು ಹಿತವಾಗಿ ಕೇಳುತ್ತದೆಂದು ನಾನು ಬಲ್ಲೆ. ದಯವಿಟ್ಟು ಆ ಯಂತ್ರಕ್ಕೆ ಹಣ ಹಾಕಬೇಡಿರಿ. ಭಾಸ್ಕರರು ತಮ್ಮದೆಂದು ಹೇಳದ, ತಮಗೇ ಒಪ್ಪಿಗೆಯಿಲ್ಲದ ವಸ್ತುವನ್ನು ಅವರ ಹೆಸರಿನಲ್ಲಿ ಮಾರುವುದು ಅವರಿಗೆ ಮಾಡುವ ಅಗೌರವ.

ಈಗ ಮೂರನೆಯ ಚಕ್ರ. ಅಂಕುಶದಂತೆ ಬಾಗಿದ ತಾಮ್ರದ ನಳಿಗೆಯಲ್ಲಿ ನೀರು ತುಂಬಿ, ಎರಡೂ ತುದಿ ಮುಚ್ಚಿ, ಒಂದು ತುದಿಯನ್ನು ನೀರಿನ ಪಾತ್ರೆಯಲ್ಲಿ ಮುಳುಗಿಸಿ ಇನ್ನೊಂದನ್ನು ಹೊರಗೆ ಕೆಳಕ್ಕೆ ಇಳಿಬಿಟ್ಟು ಬಾಯಿ ತೆರೆದರೆ ಪಾತ್ರೆಯ ನೀರೆಲ್ಲ ಹೊರಗೆ ಸುರಿಯುತ್ತದೆ. ಹೊಲದಲ್ಲಿ ಪೈಪಿನಿಂದ ನೀರು ಎಳೆದವರಿಗೆ ಈ ಸೈಫನ್ ಪರಿಚಿತ. ಚಕ್ರದ ಅಂಚಿಗೆ ಗಡಿಗೆಗಳನ್ನು ಕಟ್ಟಿ, ನೀರು ಗಡಿಗೆಗೆ ಬೀಳುವಂತೆ ಚಕ್ರವನ್ನು ನಿಲ್ಲಿಸಬೇಕು. ತುಂಬಿದ ಗಡಿಗೆ ಇಳಿಯುತ್ತದೆ, ತಳದಲ್ಲಿ ಬರಿದಾಗುತ್ತದೆ, ಹಗುರಾಗಿ ಏರುತ್ತದೆ. ಚೆಲ್ಲಿದ ನೀರು ಕೆಳಗಿನ ಕುಂಡಕ್ಕೆ ಹೋಗುತ್ತದೆ. ಈ ಚಕ್ರ ನಿಜವಾಗಿಯೂ ತಿರುಗುತ್ತದೆ! ಏಕೆಂದರೆ ಇಲ್ಲಿ ಭಾರ ಚಕ್ರದೊಳಗೇ ಉಳಿದು ಜಾಗ ಬದಲಿಸುವುದಿಲ್ಲ. ಮೇಲೆ ಹತ್ತಿ ಕೆಳಗೆ ಇಳಿದು ಹೋಗಿಬಿಡುತ್ತದೆ. ಏರುವ ಬದಿಗೆ ಹೊರುವ ಭಾರವೇ ಇಲ್ಲ. ಮೇಲಿನ ಪಾತ್ರೆ ಬರಿದಾದ ಕ್ಷಣ ಚಕ್ರವೂ ನಿಲ್ಲುತ್ತದೆ. ಕುಂಡದ ನೀರನ್ನು ಮತ್ತೆ ಮೇಲೆತ್ತಲು ಚಕ್ರ ಗಳಿಸಿದ್ದಷ್ಟೂ ಬೇಕು, ತಿಕ್ಕಾಟಕ್ಕೆಂದು ಮೇಲೊಂದಿಷ್ಟೂ ಬೇಕು.

ನಮ್ಮ ಜಿಲ್ಲೆಯಲ್ಲಿ ನೀರನ್ನು ಮತ್ತೆ ಮೇಲೆತ್ತುವವನು ಸೂರ್ಯ. ಸಮುದ್ರದಿಂದ ಎದ್ದ ಆವಿ ಸಹ್ಯಾದ್ರಿಯ ಮೇಲೆ ಮಳೆಯಾಗಿ, ಕೃಷ್ಣೆಯಾಗಿ ಬಂದು ಆಲಮಟ್ಟಿಯಲ್ಲಿ ನಿಲ್ಲುತ್ತದೆ. ಅಣೆಕಟ್ಟಿನಿಂದ ಇಳಿಯುವ ನೀರು ಅಲ್ಲಿನ ಟರ್ಬೈನುಗಳನ್ನು ತಿರುಗಿಸಿ 290 ಮೆಗಾವಾಟ್‌ವರೆಗೆ ವಿದ್ಯುತ್ ಕೊಡಬಲ್ಲದು. ಗಡಿಗೆಯ ಚಕ್ರಕ್ಕೂ ಟರ್ಬೈನಿಗೂ ರಚನೆಯಲ್ಲಿ ಬಹಳ ಅಂತರವಿದ್ದರೂ ಲೆಕ್ಕ ಒಂದೇ: ಎಷ್ಟು ನೀರು, ಎಷ್ಟು ಎತ್ತರದಿಂದ ಇಳಿಯಿತು. 1651ರಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲಕ್ಕೆ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿದ್ದುದೂ ಇಳಿಜಾರನ್ನೇ ನಂಬಿ. ದಾರಿಯಲ್ಲಿ ಕೊಳವೆಯ ಒತ್ತಡ ತಗ್ಗಿಸಲು ಕಟ್ಟಿದ ಗಂಜ್ ಎಂಬ ಗೋಪುರಗಳು ವಿಜಯಪುರದಲ್ಲಿ ಇನ್ನೂ ನಿಂತಿವೆ.

ಸರಿಯುವ ಭಾರ ಚಕ್ರವನ್ನು ತಿರುಗಿಸಲಾರದು ಎಂದಾಯಿತು. ಹಾಗೆಂದು ಅದರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕಥೆಯ ಇನ್ನರ್ಧ ವೇಗದ ಗಾಲಿಗಳದು.

ಸೈಕಲ್ಲಿನ ವಾಲ್ವ್ ಸವಾರನಿಗೆ ತೊಂದರೆ ಕೊಡುವುದಿಲ್ಲ, ವೇಗ ಕಡಿಮೆ. ಕಾರಿನ ಗಾಲಿಯ ಮಾತು ಬೇರೆ. ಅಚ್ಚಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಟೈರಿನ ಒಂದು ಕಡೆ 20 ಗ್ರಾಂ ಹೆಚ್ಚಿದೆ ಎಂದುಕೊಳ್ಳಿರಿ. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಆ 20 ಗ್ರಾಂ ಗಾಲಿಯನ್ನು ಸುಮಾರು ಒಂದು ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. 90ಕ್ಕೆ ಏರಿಸಿದರೆ ಅದು ಎರಡು ಕಿಲೋ ಆಗುವುದಿಲ್ಲ, ನಾಲ್ಕು ಕಿಲೋ ದಾಟುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ. ಆ ವೇಗದಲ್ಲಿ ಗಾಲಿ ಸೆಕೆಂಡಿಗೆ 13 ಸುತ್ತು ಹಾಕುತ್ತದೆ, ಆದ್ದರಿಂದ ಆ ಎಳೆತ ಮೇಲೆ, ಮುಂದೆ, ಕೆಳಗೆ, ಹಿಂದೆ ಎಂದು ಸೆಕೆಂಡಿಗೆ 13 ಸಲ ದಿಕ್ಕು ಬದಲಿಸುತ್ತದೆ. ಸೊಲ್ಲಾಪುರ ರಸ್ತೆಯಲ್ಲಿ ಗಾಡಿ ಓಡಿಸುವವರು “ಎಂಬತ್ತು ದಾಟಿದ ಕೂಡಲೇ ಸ್ಟೇರಿಂಗ್ ನಡಗತೈತ್ರಿ” ಎನ್ನುವುದು ಇದನ್ನೇ. ಟೈರ್ ಅಂಗಡಿಯವರು ಗಾಲಿಯನ್ನು ಯಂತ್ರಕ್ಕೆ ಹಾಕಿ ತಿರುಗಿಸಿ, ಭಾರದ ಕಡೆ ಗೊತ್ತುಮಾಡಿ, ಎದುರಿನ ರಿಮ್ಮಿಗೆ ಸಣ್ಣ ತೂಕ ಅಂಟಿಸುತ್ತಾರೆ. ನಮ್ಮ ಸೈಕಲ್ಲಿನ ಸ್ಪೋಕ್‌ಗೆ ಕಟ್ಟಿದ ನಟ್ಟು ಮಾಡಿದ ಕೆಲಸವೇ ಅದು. ಟೈರಿನ ಆ ತೂಕ ಬಿದ್ದುಹೋಗಿದ್ದರೆ ಮತ್ತೆ ಹಾಕಿಸಲು ಉದಾಸೀನ ಮಾಡಬೇಡಿರಿ. ಬೇರಿಂಗು, ಟೈರು ಎರಡೂ ಬೇಗ ಸವೆಯುತ್ತವೆ.

ಆದರೆ ಭಾರದ ಕಡೆ ಪ್ರತಿ ಸಲವೂ ಬದಲಾಗುವ ಗಾಲಿಗೆ ಏನು ಮಾಡುವುದು? ಬಟ್ಟೆ ಹಿಂಡುವ ವಾಷಿಂಗ್ ಮಷೀನಿನ ತೊಟ್ಟಿಯನ್ನು ನೋಡಿರಿ. ಇವತ್ತು ಒದ್ದೆ ಕಂಬಳಿ ಒಂದು ಮೂಲೆಗೆ, ನಾಳೆ ಸೀರೆ ಇನ್ನೊಂದು ಮೂಲೆಗೆ. ಅಂಟಿಸಿದ ತೂಕದಿಂದ ಇಲ್ಲಿ ಉಪಯೋಗವಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಎಂಜಿನಿಯರ್ ಮೊರಿಸ್ ಲೆಬ್ಲಾಂ, ತಿರುಗುವ ಯಂತ್ರಕ್ಕೆ ದ್ರವ ತುಂಬಿದ ಮುಚ್ಚಿದ ಉಂಗುರವನ್ನು ತೊಡಿಸುವ ಉಪಾಯ ಹೇಳಿದ. ಮೇಲಿನಿಂದ ಬಟ್ಟೆ ಹಾಕುವ ಅನೇಕ ಮಷೀನುಗಳ ತೊಟ್ಟಿಯ ಅಂಚಿನಲ್ಲಿ ಇವತ್ತು ಇರುವುದು ಅದೇ ಬಗೆಯ ಉಂಗುರ. ಅದರೊಳಗೆ ಒಂದು ಪಾಲು ಉಪ್ಪುನೀರು, ಉಳಿದದ್ದು ಖಾಲಿ. ಅಂಚಿನಲ್ಲೊಂದು ಕಾಲುವೆ, ಮೇಲೆ ಭದ್ರವಾದ ಮುಚ್ಚಳ, ಒಳಗೆ ಹರಿದಾಡುವ ಭಾರ: ಗೋಲಾಧ್ಯಾಯದ ಎರಡನೆಯ ಚಕ್ರವನ್ನು ಕೇಳಿದವರಿಗೆ ಈ ರಚನೆ ಅಪರಿಚಿತವೆನಿಸದು. ಉದ್ದೇಶ ಮಾತ್ರ ಬೇರೆ. ತಿರುಗಿಸಲು ಮೋಟರ್ ಇದೆ, ದ್ರವದ ಕೆಲಸ ತೂಗುವುದು.

ಅದು ತೂಗುವ ಬಗೆ ಸೊಗಸಾದದ್ದು. ತೊಟ್ಟಿ ನಿಧಾನವಾಗಿ ತಿರುಗುವಾಗ ಬಟ್ಟೆಯ ಭಾರದ ಕಡೆಯೇ ಹೊರಕ್ಕೆ ಓಲುತ್ತದೆ. ದ್ರವವೂ ಅತ್ತಲೇ ಹರಿದು ಓಲಾಟವನ್ನು ಹೆಚ್ಚಿಸುತ್ತದೆ. ಹಿಂಡಲು ಶುರುಮಾಡಿದಾಗ ಮಷೀನು ದಡಬಡ ಎನ್ನುವುದು ಆಗಲೇ. ತೊಟ್ಟಿ ಸ್ಪ್ರಿಂಗಿನ ಮೇಲೆ ತೂಗಾಡುವುದಕ್ಕೆ ಅದರದೇ ಆದ ಒಂದು ಲಯವಿದೆ. ಸುತ್ತಿನ ವೇಗ ಆ ಲಯವನ್ನು ದಾಟಿತೆಂದರೆ ತೊಟ್ಟಿಯ ಓಲಾಟ ಭಾರದ ಹಿಂದೆ ಬೀಳುತ್ತದೆ. ಭಾರದ ಕಡೆ ಒಳಕ್ಕೂ ಹಗುರ ಕಡೆ ಹೊರಕ್ಕೂ ಬಂದು ನಿಲ್ಲುತ್ತವೆ. ಎಲ್ಲಿ ಅಂಚು ಅತಿ ಹೊರಗಿದೆಯೋ ದ್ರವ ಅಲ್ಲಿಗೆ ಓಡುತ್ತದೆ, ಅಂದರೆ ಈಗ ಹಗುರ ಕಡೆಗೆ. ಯಾರೂ ಅಳೆಯದೆ, ಯಾರೂ ಹೇಳದೆ, ಬೇಕಾದಷ್ಟು ಭಾರ ಬೇಕಾದ ಜಾಗಕ್ಕೆ ಬಂದು ಸೇರಿ ತೊಟ್ಟಿ ಸ್ಥಿರವಾಗುತ್ತದೆ. ಶುರುವಿನ ದಡಬಡ ತಾನಾಗಿ ಅಡಗುವುದು ಇದರಿಂದ. ಲಾರಿಯ ಗಾಲಿಗಳಿಗೂ ಉಂಗುರದೊಳಗೆ ಸಣ್ಣ ಲೋಹದ ಗುಂಡುಗಳನ್ನೋ ಪಾದರಸವನ್ನೋ ತುಂಬಿದ ಸಾಧನಗಳು ಬಂದಿವೆ.

ಭೂತನಾಳ, ತಿಕೋಟಾ, ಬಬಲೇಶ್ವರದ ಶಾಲೆಗಳ ವಿಜ್ಞಾನದ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಪಾದರಸ ಬೇಡ, ಅದರ ಆವಿ ವಿಷ. ಹಳೆಯ ಸೈಕಲ್ ಗಾಲಿಯೊಂದನ್ನು ತಂದು, ಒಂದೇ ಅಳತೆಯ ಎಂಟು ಪ್ಲಾಸ್ಟಿಕ್ ಕೊಳವೆಗಳನ್ನು ಸ್ಪೋಕ್‌ಗಳಿಗೆ ಓರೆಯಾಗಿ ಕಟ್ಟಿಸಿ, ಪ್ರತಿಯೊಂದರಲ್ಲೂ ಒಂದೊಂದು ಬೇರಿಂಗ್ ಗುಂಡು ಹಾಕಿಸಿರಿ. ಮೊದಲು ಗುಂಡುಗಳು ಕೊಳವೆಯ ಹೊರ ತುದಿಯಲ್ಲಿ ಅಲುಗದಂತೆ ಹತ್ತಿ ತುರುಕಿ ತಿರುಗಿಸಿ, ನಿಲ್ಲಲು ಎಷ್ಟು ಹೊತ್ತಾಯಿತೆಂದು ಮಕ್ಕಳು ಗಡಿಯಾರ ನೋಡಿ ಬರೆದುಕೊಳ್ಳಲಿ. ಆಮೇಲೆ ಹತ್ತಿ ತೆಗೆದು ಗುಂಡುಗಳನ್ನು ಓಡಾಡಲು ಬಿಟ್ಟು, ಅಷ್ಟೇ ಜೋರಿನಿಂದ ತಿರುಗಿಸಲಿ. ಓರೆಯನ್ನು ಬದಲಿಸಲಿ, ಎಂಟರ ಬದಲು ಏಳು ಕೊಳವೆ ಕಟ್ಟಲಿ. ಗಾಲಿ ಯಾವಾಗ ಬೇಗ ನಿಂತಿತು, ನಿಂತಾಗ ಯಾವ ಬದಿಯಲ್ಲಿ ಎಷ್ಟು ಗುಂಡುಗಳಿದ್ದವು, ಅವು ಅಚ್ಚಿನಿಂದ ಅಡ್ಡಕ್ಕೆ ಎಷ್ಟು ದೂರದಲ್ಲಿದ್ದವು ಎಂದು ಸ್ಕೇಲು ಹಿಡಿದು ಅಳೆದು ಕೂಡಿಸಲಿ. ಎರಡೂ ಬದಿಯ ಮೊತ್ತ ಹತ್ತಿರ ಹತ್ತಿರ ಬರಬೇಕು. ಬರದಿದ್ದರೆ ಮೊದಲು ವಾಲ್ವ್ ಎಲ್ಲಿದೆ ನೋಡಿರಿ, ಅದರ ತೂಕವನ್ನೂ ಲೆಕ್ಕಕ್ಕೆ ಸೇರಿಸಿರಿ.